ಯಾಮಲ್ ಬರೆಯುವ ಮುಂಚೆ ಕ್ಲಸ್ಟರನ್ನೇ ಕೇಳಿ

ಕುಬರ್ನೆಟಿಸ್ ಎಂದರೆ ಹಲವು ಯಂತ್ರಗಳ ಗುಂಪಿನಲ್ಲಿ (ಕ್ಲಸ್ಟರ್) ಕಂಟೈನರ್‌ಗಳನ್ನು ಓಡಿಸುವ ವ್ಯವಸ್ಥೆ; ಏನು ಓಡಬೇಕು ಎಂಬುದನ್ನು ಯಾಮಲ್ ಎಂಬ ಪಠ್ಯ ಫೈಲಿನಲ್ಲಿ ಬರೆಯುತ್ತೇವೆ. ಪಾಡ್‌ನೊಳಗೆ (ಒಟ್ಟಿಗೆ ಓಡುವ ಕಂಟೈನರ್‌ಗಳ ಗುಂಪು) ಸೀಕ್ರೆಟನ್ನು, ಅಂದರೆ ಪಾಸ್‌ವರ್ಡ್‌ನಂಥ ಗುಟ್ಟಿನ ಮಾಹಿತಿಯನ್ನು, ವಾಲ್ಯೂಮ್ ಆಗಿ ಹಾಕುವಾಗ ಬರೆಯಬೇಕಾದ್ದು ನೇಮ್ ಅಂತಲೋ, ಸೀಕ್ರೆಟ್‌ನೇಮ್ ಅಂತಲೋ? ಕಾನ್ಫಿಗ್‌ಮ್ಯಾಪ್ (ಗುಟ್ಟಿನದ್ದಲ್ಲದ ಸೆಟ್ಟಿಂಗ್‌ಗಳು) ಆದರೆ ನೇಮ್. ಸೀಕ್ರೆಟ್ ಆದರೆ ಸೀಕ್ರೆಟ್‌ನೇಮ್. ಪಿವಿಸಿ (ಸ್ಟೋರೇಜ್ ಜಾಗದ ಬೇಡಿಕೆ) ಆದರೆ ಕ್ಲೇಮ್‌ನೇಮ್. ಮೂರೂ ಒಂದೇ ವಾಲ್ಯೂಮ್ಸ್ ಲಿಸ್ಟಿನೊಳಗೆ ಅಕ್ಕಪಕ್ಕ ಕೂರುವಂಥವು, ಆದರೆ ಮೂರಕ್ಕೆ ಮೂರು ಹೆಸರು. ವರ್ಷಗಟ್ಟಲೆ ಕುಬರ್ನೆಟಿಸ್ ಮೇಲೆ ಕೆಲಸ ಮಾಡಿದವರಿಗೂ ಇದು ಬಾಯಿಪಾಠ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಬ್ರೌಸರ್ ತೆರೆದು ಹುಡುಕುವ ಹೊತ್ತಿನೊಳಗೆ ಟರ್ಮಿನಲ್‌ನಲ್ಲೇ ಉತ್ತರ ಸಿಗುತ್ತದೆ, ಕ್ಲಸ್ಟರ್ ಜೊತೆ ಮಾತಾಡುವ ಕ್ಯೂಬ್‌ಸಿಟಿಎಲ್ ಕಮಾಂಡಿಗೆ ಎಕ್ಸ್‌ಪ್ಲೇನ್ ಎಂದರೆ ಸಾಕು:

ಕ್ಯೂಬ್‌ಸಿಟಿಎಲ್ ಎಕ್ಸ್‌ಪ್ಲೇನ್ ಪಾಡ್.ಸ್ಪೆಕ್.ವಾಲ್ಯೂಮ್ಸ್.ಸೀಕ್ರೆಟ್

ಈ ಬರಹದಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ, ನಡುವಿನ ಚುಕ್ಕಿ ಮತ್ತು ಎರಡು ಅಡ್ಡಗೆರೆ ಇದ್ದ ಹಾಗೇ ಇರಲಿ. ದೊಡ್ಡಕ್ಷರ, ಸಣ್ಣಕ್ಷರದ ಕಡೆ ಲಕ್ಷ್ಯ ಬೇಕು. ಸೀಕ್ರೆಟ್‌ನೇಮ್‌ನಲ್ಲಿ ನೇಮ್‌ನ ಮೊದಲ ಅಕ್ಷರ ದೊಡ್ಡದು. ಅದನ್ನು ಸಣ್ಣದಾಗಿ ಬರೆದರೆ ಅಂಥ ಫೀಲ್ಡೇ ಇಲ್ಲ ಎನ್ನುತ್ತದೆ.

ಎಕ್ಸ್‌ಪ್ಲೇನ್ ಕೊಡುವ ಉತ್ತರ ಕ್ಯೂಬ್‌ಸಿಟಿಎಲ್ ಬೈನರಿಯೊಳಗೆ ತುಂಬಿಟ್ಟದ್ದಲ್ಲ. ಅದು ಕ್ಲಸ್ಟರಿಗೆ ಬರುವ ಕೋರಿಕೆಗಳನ್ನೆಲ್ಲ ತೆಗೆದುಕೊಳ್ಳುವ ಎಪಿಐ ಸರ್ವರ್‌ನಿಂದ ಬರುತ್ತದೆ. ತನಗೆ ಯಾವ ಯಾವ ರಿಸೋರ್ಸ್ ಗೊತ್ತು, ಒಂದೊಂದರಲ್ಲಿ ಯಾವ ಫೀಲ್ಡ್ ಇದೆ, ಅದರ ಟೈಪ್ ಏನು ಎಂಬುದನ್ನೆಲ್ಲ ಸರ್ವರ್ ಓಪನ್‌ಎಪಿಐ ಎಂಬ ಪ್ರಮಾಣಿತ ರೂಪದಲ್ಲಿ ಹೊರಗಿಟ್ಟಿರುತ್ತದೆ. ಕ್ಯೂಬ್‌ಸಿಟಿಎಲ್ ಅದನ್ನು ತರಿಸಿಕೊಂಡು ಓದುವ ಹಾಗೆ ಜೋಡಿಸಿ ತೋರಿಸುತ್ತದೆ, ಅಷ್ಟೇ. ಹೀಗಾಗಿ ನೀವು ನೋಡುತ್ತಿರುವುದು ನಿಮ್ಮ ಕ್ಲಸ್ಟರಿನದೇ ಆವೃತ್ತಿಯ ಕೈಪಿಡಿ. ಇಂಟರ್‌ನೆಟ್‌ನಲ್ಲಿ ಸಿಗುವ ಯಾಮಲ್‌ಗೆ ಈ ಗ್ಯಾರಂಟಿ ಇಲ್ಲ. ಹೊರಗಿನ ವೆಬ್ ಕೋರಿಕೆಯನ್ನು ಕ್ಲಸ್ಟರಿನೊಳಗಿನ ಸೇವೆಗೆ ದಾಟಿಸುವ ಇನ್‌ಗ್ರೆಸ್ ಉದಾಹರಣೆಯನ್ನೇ ತೊಗೊಳ್ಳಿ. ಹಳೆಯ ವಿ1ಬೀಟಾ1 ಇನ್‌ಗ್ರೆಸ್ ಕುಬರ್ನೆಟಿಸ್ 1.22ರಲ್ಲೇ ತೆಗೆದುಹಾಕಲ್ಪಟ್ಟಿತು, ಆದರೆ ಸರ್ವಿಸ್‌ನೇಮ್, ಸರ್ವಿಸ್‌ಪೋರ್ಟ್ ಎಂದು ಬರೆದ ಹಳೆಯ ತುಣುಕುಗಳು ಇವತ್ತಿಗೂ ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ. ಹೊಸದರಲ್ಲಿ ಬ್ಯಾಕೆಂಡ್ ಒಳಗೆ ಸರ್ವಿಸ್, ಅದರೊಳಗೆ ನೇಮ್ ಮತ್ತು ಪೋರ್ಟ್, ಪೋರ್ಟ್ ಒಳಗೆ ನಂಬರ್. ಮೇಲಾಗಿ ಪಾತ್‌ಟೈಪ್ ಕಡ್ಡಾಯ.

ಉತ್ತರ ಸರ್ವರ್‌ನಿಂದ ಬರುವುದರಿಂದ ಕ್ಲಸ್ಟರ್ ಕೈಗೆ ಸಿಗದಿದ್ದರೆ ಎಕ್ಸ್‌ಪ್ಲೇನ್ ಕೂಡ ಇಲ್ಲ. ಲೋಕಲ್‌ಹೋಸ್ಟ್ 8080ಕ್ಕೆ ಕನೆಕ್ಷನ್ ನಿರಾಕರಿಸಲಾಗಿದೆ ಎಂದು ಬಂದರೆ ಎಕ್ಸ್‌ಪ್ಲೇನ್ ಕೆಟ್ಟಿಲ್ಲ, ನಿಮ್ಮ ಕ್ಯೂಬ್‌ಕಾನ್ಫಿಗ್ (ಕ್ಲಸ್ಟರಿನ ವಿಳಾಸ, ಲಾಗಿನ್ ವಿವರ ಇರುವ ಫೈಲ್) ಸಿಕ್ಕಿಲ್ಲ ಎಂದರ್ಥ. ಬೆಂಗಳೂರು, ಹೈದರಾಬಾದಿನ ಕಂಪನಿಗಳಿಗೆ ಬಳ್ಳಾರಿ, ಗಂಗಾವತಿ, ರಾಯಚೂರಿನ ಮನೆಯಲ್ಲೇ ಕೂತು ಕೆಲಸ ಮಾಡುವವರು ಈಗ ಕಡಿಮೆಯಿಲ್ಲ. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಯಿತೆಂದರೆ ರೂಟರ್ ಸತ್ತು ವಿಪಿಎನ್ ಬೀಳುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿ ಮಾತ್ರ ಇನ್ನೂ ಎರಡು ಮೂರು ತಾಸು ನಡೆಯುತ್ತದೆ. ಅಂಥ ಹೊತ್ತಿಗೆಂದು ಲ್ಯಾಪ್‌ಟಾಪಿನಲ್ಲೇ ಒಂದು ಚಿಕ್ಕ ಕ್ಲಸ್ಟರ್ ಇಟ್ಟುಕೊಳ್ಳಿ. ಇದಕ್ಕೆಂದೇ ಇರುವ ಮಿನಿಕ್ಯೂಬ್ ಎಂಬ ಟೂಲ್ ಆದರೆ ಕನಿಷ್ಠ 2 ಸಿಪಿಯು, 2 ಜಿಬಿ ಖಾಲಿ ಮೆಮರಿ, 20 ಜಿಬಿ ಡಿಸ್ಕ್ ಜಾಗ ಕೇಳುತ್ತದೆ. ಇಮೇಜ್ ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಬೇಕಿಲ್ಲ. ಒಂದೇ ಮಾತು: ಕಂಪನಿಯ ಕ್ಲಸ್ಟರ್ ಯಾವ ಆವೃತ್ತಿಯಲ್ಲಿದೆಯೋ ಅದೇ ಆವೃತ್ತಿಯನ್ನು ಇಲ್ಲೂ ಹಾಕಿ. ಮಿನಿಕ್ಯೂಬ್ ಸ್ಟಾರ್ಟ್ ಮಾಡುವಾಗ --ಕುಬರ್ನೆಟಿಸ್-ವರ್ಷನ್ ಎಂಬ ಫ್ಲ್ಯಾಗ್ ಇರುವುದು ಇದಕ್ಕೇ. ಕೈಂಡ್ ಎಂಬ ಇನ್ನೊಂದು ಟೂಲ್ ಬಳಸುವವರು ನೋಡ್ ಇಮೇಜಿನ ಟ್ಯಾಗ್‌ನಲ್ಲಿ ಆವೃತ್ತಿ ಆರಿಸಿಕೊಳ್ಳಬಹುದು. ಬೇರೆ ಆವೃತ್ತಿ ಹಾಕಿದರೆ ಹಳೆಯ ತುಣುಕು ನಂಬಿದಷ್ಟೇ ಆಯಿತು.

ಎರಡು ಕ್ಲಸ್ಟರ್ ಇಟ್ಟುಕೊಂಡವರು ಯಾವುದರ ಕೈಪಿಡಿ ಓದುತ್ತಿದ್ದೇವೆ ಎಂದು ಮೊದಲು ನೋಡಿಕೊಳ್ಳಬೇಕು. ಕ್ಯೂಬ್‌ಸಿಟಿಎಲ್ ಕಾನ್ಫಿಗ್ ಕರೆಂಟ್-ಕಾಂಟೆಕ್ಸ್ಟ್ ಎಂದರೆ ಹೆಸರು ಹೇಳುತ್ತದೆ. ಬೇಕಾದರೆ ಎಕ್ಸ್‌ಪ್ಲೇನ್ ಹಿಂದೆಯೇ --ಕಾಂಟೆಕ್ಸ್ಟ್= ಹಾಕಿ ಒಂದು ಸಲಕ್ಕೆ ಬೇರೆ ಕ್ಲಸ್ಟರನ್ನು ಕೇಳಬಹುದು. ಕ್ಲೈಂಟ್ ಮತ್ತು ಸರ್ವರ್ ನಡುವೆ ಒಂದು ಮೈನರ್ ಆವೃತ್ತಿಗಿಂತ ಹೆಚ್ಚು ಅಂತರ ಇರಬಾರದೆಂಬ ನಿಯಮ ಇಲ್ಲೂ ಅನ್ವಯ.

ರಿಸೋರ್ಸಿನ ಹೆಸರೇ ನೆನಪಿಲ್ಲದಿದ್ದರೆ ಮೊದಲು ಇದು:

ಕ್ಯೂಬ್‌ಸಿಟಿಎಲ್ ಎಪಿಐ-ರಿಸೋರ್ಸಸ್

ಹೆಸರು, ಅಡ್ಡಹೆಸರು, ಎಪಿಐ ವರ್ಷನ್, ನೇಮ್‌ಸ್ಪೇಸ್ ಒಳಗಿನದೋ ಅಲ್ಲವೋ, ಕೈಂಡ್, ಹೀಗೆ ಐದು ಕಾಲಂ ಬರುತ್ತವೆ. ಅಡ್ಡಹೆಸರು ಎಕ್ಸ್‌ಪ್ಲೇನ್‌ಗೂ ನಡೆಯುತ್ತದೆ: ಡಿಪ್ಲಾಯ್, ಎಸ್‌ವಿಸಿ, ಸಿಎಂ, ಎಸ್‌ಟಿಎಸ್, ಪಿವಿಸಿ, ಎಚ್‌ಪಿಎ. ಲಿಸ್ಟ್ ಉದ್ದವಾಯಿತೆಂದರೆ --ಎಪಿಐ-ಗ್ರೂಪ್=ಆಪ್ಸ್ ಎಂದೋ, --ನೇಮ್‌ಸ್ಪೇಸ್ಡ್=ಫಾಲ್ಸ್ ಎಂದೋ ಸೋಸಿಕೊಳ್ಳಿ. ಯಾಮಲ್‌ನ ಮೊದಲ ಸಾಲಿನಲ್ಲಿ ಬರೆಯುವ ಎಪಿಐವರ್ಷನ್ ಆಪ್ಸ್/ವಿ1 ಎಂದೋ ಬರೀ ವಿ1 ಎಂದೋ ಅನುಮಾನ ಬಂದಾಗಲೂ ನೋಡಬೇಕಾದ್ದು ಈ ಪಟ್ಟಿಯ ಮೂರನೇ ಕಾಲಂ.

ಈಗ ಔಟ್‌ಪುಟ್ ಓದುವ ವಿಷಯ. ಹೆಚ್ಚಿನವರು ಇಲ್ಲಿ ಅವಸರ ಮಾಡುತ್ತಾರೆ, ಫೀಲ್ಡ್ ಹೆಸರು ಕಂಡ ಕೂಡಲೇ ಕಾಪಿ ಮಾಡಿ ಹೋಗುತ್ತಾರೆ. ಹೆಸರಿನ ಪಕ್ಕದಲ್ಲಿ ಕೋನದ ಕಂಸದೊಳಗೆ ಇರುವುದೇ ಮುಖ್ಯ, ಯಾಮಲ್ ಯಾವ ಆಕಾರದಲ್ಲಿ ಇರಬೇಕು ಎಂಬುದನ್ನು ಹೇಳುವುದು ಅದು.

<ಸ್ಟ್ರಿಂಗ್>, <ಇಂಟಿಜರ್>, <ಬೂಲಿಯನ್> ಇದ್ದರೆ ಅದೇ ಸಾಲಿನಲ್ಲಿ ಒಂದು ಬೆಲೆ. <[]ಕಂಟೈನರ್> ಎಂದರೆ ಲಿಸ್ಟ್. ಒಂದೊಂದು ಐಟಂ ಅಡ್ಡಗೆರೆಯಿಂದ ಶುರುವಾಗಬೇಕು. <[]ಸ್ಟ್ರಿಂಗ್> ಎಂದರೆ ಬರೀ ಸ್ಟ್ರಿಂಗ್‌ಗಳ ಲಿಸ್ಟ್, ಕಮಾಂಡ್ ಮತ್ತು ಆರ್ಗ್ಸ್ ಇದೇ ಜಾತಿ. <ಮ್ಯಾಪ್[ಸ್ಟ್ರಿಂಗ್]ಸ್ಟ್ರಿಂಗ್> ಎಂದರೆ ಅಡ್ಡಗೆರೆ ಹಾಕಲೇಬಾರದು, ಲೇಬಲ್‌ಗಳ ಹಾಗೆ ಹೆಸರು-ಬೆಲೆ ಜೋಡಿ. ಹೊಸ ಆವೃತ್ತಿಗಳಲ್ಲಿ <ಪಾಡ್‌ಸ್ಪೆಕ್> ಎಂಬಂಥ ಹೆಸರು ಕಂಡರೆ ಅದರೊಳಗೆ ಇನ್ನೂ ಫೀಲ್ಡ್‌ಗಳಿವೆ, ಮತ್ತೊಂದು ಚುಕ್ಕಿ ಹಾಕಿ ಇಳಿಯಬಹುದು. ಹಳೆಯ ಕ್ಲೈಂಟ್‌ನಲ್ಲಿ ಇದೇ ಜಾಗದಲ್ಲಿ ಬರೀ <ಆಬ್ಜೆಕ್ಟ್> ಎಂದು ಬರುತ್ತಿತ್ತು. 1.27ರಿಂದ ಎಕ್ಸ್‌ಪ್ಲೇನ್ ಓಪನ್‌ಎಪಿಐ ಮೂರನೇ ಆವೃತ್ತಿಯನ್ನು ಓದಲು ಶುರುಮಾಡಿದ ಮೇಲೆ ಔಟ್‌ಪುಟ್ ಸುಧಾರಿಸಿದೆ. ಆಯ್ಕೆಗಳು ನಿರ್ದಿಷ್ಟವಾಗಿರುವ ಫೀಲ್ಡ್‌ನಲ್ಲಿ ಈನಮ್ ಎಂಬ ಸಾಲು ಬರುತ್ತದೆ. ಕಡ್ಡಾಯ ಫೀಲ್ಡ್ ಪಕ್ಕದಲ್ಲಿ -ರಿಕ್ವೈರ್ಡ್- ಎಂಬ ಗುರುತು ಕಾಣುತ್ತದೆ. ಯಾಮಲ್ ಬರೆಯಲು ಕೂತಾಗ ಮೊದಲು ಆ ಗುರುತು ಇರುವವನ್ನಷ್ಟೇ ಬರೆದುಕೊಂಡು, ಉಳಿದದ್ದನ್ನು ಆಮೇಲೆ ಸೇರಿಸುವುದು ಒಳ್ಳೆಯ ಪದ್ಧತಿ.

ಪಾಡ್.ಸ್ಪೆಕ್.ಕಂಟೈನರ್ಸ್ ಲಿಸ್ಟ್ ಆಗಿದ್ದರೂ ಎಕ್ಸ್‌ಪ್ಲೇನ್‌ನಲ್ಲಿ [0] ಎಂದು ಬರೆಯುವ ಹಾಗಿಲ್ಲ. ಬರೀ ಚುಕ್ಕಿ. ಜೆಸನ್‌ಪಾತ್ ಅಭ್ಯಾಸ ಇರುವವರು ಇಲ್ಲಿ ಮುಗ್ಗರಿಸುತ್ತಾರೆ.

ಒಂದನ್ನು ಹತ್ತಿರದಿಂದ ನೋಡೋಣ. ಗಂಗಾವತಿ ಮಾರುಕಟ್ಟೆಯ ನೆಲ್ಲಿನ ದರ ತೋರಿಸುವ ಸಣ್ಣದೊಂದು ವೆಬ್ ಸೇವೆ ಇದೆ, ಅದು ಡಿಪ್ಲಾಯ್‌ಮೆಂಟ್ ಆಗಿ ಮೂರು ಪಾಡ್‌ಗಳಲ್ಲಿ ಓಡುತ್ತಿದೆ ಎಂದುಕೊಳ್ಳಿ. ಹೊಸ ಇಮೇಜ್ ಹಾಕಿದಾಗ ಎಷ್ಟು ಪಾಡ್ ಒಟ್ಟಿಗೆ ಬೀಳಬಹುದು?

ಕ್ಯೂಬ್‌ಸಿಟಿಎಲ್ ಎಕ್ಸ್‌ಪ್ಲೇನ್ ಡಿಪ್ಲಾಯ್.ಸ್ಪೆಕ್.ಸ್ಟ್ರಾಟೆಜಿ.ರೋಲಿಂಗ್‌ಅಪ್‌ಡೇಟ್

ಎರಡೇ ಫೀಲ್ಡ್ ಬರುತ್ತವೆ, ಮ್ಯಾಕ್ಸ್‌ಸರ್ಜ್ (ಎಷ್ಟು ಪಾಡ್ ಹೆಚ್ಚಾಗಿ ಏಳಬಹುದು) ಮತ್ತು ಮ್ಯಾಕ್ಸ್‌ಅನ್‌ಅವೈಲಬಲ್ (ಎಷ್ಟು ಬೀಳಬಹುದು). ಎರಡರ ಟೈಪೂ <ಇಂಟ್‌ಆರ್‌ಸ್ಟ್ರಿಂಗ್>, ಅಂದರೆ 1 ಎಂದಾದರೂ ಬರೆಯಬಹುದು, 25% ಎಂದಾದರೂ ಬರೆಯಬಹುದು. ವಿವರಣೆಯೊಳಗೆ ಡಿಫಾಲ್ಟ್ ಕೂಡ ಇದೆ, ಎರಡಕ್ಕೂ 25%. ಆದರೆ ಸರ್ಜ್ ಮೇಲಕ್ಕೆ ಪೂರ್ಣಾಂಕವಾಗುತ್ತದೆ, ಅನ್‌ಅವೈಲಬಲ್ ಕೆಳಕ್ಕೆ. ಮೂರು ಪಾಡ್‌ಗೆ 25% ಎಂದರೆ 0.75. ಮೇಲಕ್ಕೆ ಹೋದರೆ 1, ಕೆಳಕ್ಕೆ ಬಂದರೆ 0. ಹಾಗಾಗಿ ಒಂದು ಹೊಸ ಪಾಡ್ ಹೆಚ್ಚಾಗಿ ಏಳುತ್ತದೆ, ಅದು ರೆಡಿ ಆಗುವವರೆಗೆ ಹಳೆಯದು ಒಂದೂ ಬೀಳುವುದಿಲ್ಲ. ಅದೇ ಹತ್ತು ಪಾಡ್ ಇದ್ದರೆ 2.5, ಸರ್ಜ್ 3, ಅನ್‌ಅವೈಲಬಲ್ 2. ಮೂರು ಪಾಡ್‌ನಲ್ಲಿ ರೋಲ್‌ಔಟ್ ಸಿಕ್ಕಿಹಾಕಿಕೊಳ್ಳುವುದಕ್ಕೆ ಸಾಮಾನ್ಯ ಕಾರಣವೂ ಇದೇ: ನಾಲ್ಕನೇ ಪಾಡಿಗೆ ನೋಡ್‌ನಲ್ಲಿ ಜಾಗವೇ ಇಲ್ಲದಿದ್ದರೆ ಹೊಸದು ಪೆಂಡಿಂಗ್‌ನಲ್ಲೇ ಕೂರುತ್ತದೆ, ಹಳೆಯವು ಜಾಗ ಬಿಡುವುದಿಲ್ಲ. ಎರಡನ್ನೂ 0 ಮಾಡಲು ಬರುವುದಿಲ್ಲ ಎಂಬುದೂ ಅದೇ ವಿವರಣೆಯಲ್ಲಿದೆ.

ಕಂಟೈನರ್ ಸರಿಯಾಗಿದೆಯೇ ಎಂದು ಆಗಾಗ ತಟ್ಟಿ ನೋಡುವ ಪ್ರೋಬ್‌ಗಳದ್ದೂ ಹೀಗೇ. ಕಂಟೈನರ್ಸ್.ಲೈವ್‌ನೆಸ್‌ಪ್ರೋಬ್ ಕೇಳಿದರೆ ಪೀರಿಯಡ್‌ಸೆಕೆಂಡ್ಸ್ 10, ಫೇಲ್ಯೂರ್‌ಥ್ರೆಶೋಲ್ಡ್ 3, ಟೈಮ್‌ಔಟ್‌ಸೆಕೆಂಡ್ಸ್ 1 ಎಂದು ಡಿಫಾಲ್ಟ್‌ಗಳನ್ನು ಹೇಳುತ್ತದೆ. ಕೊನೆಯದನ್ನು ಗಮನಿಸಿ. ಒಂದೇ ಸೆಕೆಂಡು. ಜಾವಾ ಸೇವೆ ಲೋಡ್‌ನಲ್ಲಿ ಒಂದೂವರೆ ಸೆಕೆಂಡಿಗೆ ಉತ್ತರ ಕೊಟ್ಟರೆ ಅದು ಫೇಲ್, ಹೀಗೆ ಸಾಲಾಗಿ ಮೂರು ಸಲ ಆದರೆ ಕಂಟೈನರ್ ರೀಸ್ಟಾರ್ಟ್. ಸೇವೆ ಸರಿಯಾಗಿಯೇ ಇದ್ದರೂ ರೀಸ್ಟಾರ್ಟ್ ಎಣಿಕೆ ಏರುತ್ತಿದ್ದರೆ ಮೊದಲು ಇಲ್ಲಿ ನೋಡಿ.

ಫೀಲ್ಡ್ ಹೆಸರು ಗೊತ್ತು, ಆದರೆ ಎಲ್ಲಿ ಕೂರುತ್ತದೆ ಗೊತ್ತಿಲ್ಲ ಎಂದಾಗ --ರಿಕರ್ಸಿವ್. ಇದು ವಿವರಣೆಗಳನ್ನೆಲ್ಲ ಬಿಟ್ಟು ಹೆಸರು ಮತ್ತು ಟೈಪ್‌ಗಳನ್ನಷ್ಟೇ ಇಂಡೆಂಟ್ ಸಮೇತ ಮರದ ಹಾಗೆ ಇಳಿಸುತ್ತದೆ. ಪಾಡ್‌ಗೆ ಕೇಳಿದರೆ ಸ್ಕ್ರೀನ್ ತುಂಬಿ ಹರಿಯುತ್ತದೆ, ಆದ್ದರಿಂದ ಲೆಸ್‌ಗೆ ಪೈಪ್ ಮಾಡಿ:

ಕ್ಯೂಬ್‌ಸಿಟಿಎಲ್ ಎಕ್ಸ್‌ಪ್ಲೇನ್ ಪಾಡ್.ಸ್ಪೆಕ್ --ರಿಕರ್ಸಿವ್ | ಲೆಸ್

ಲೆಸ್ ಒಳಗೆ ಓರೆಗೆರೆ ಒತ್ತಿ ಹೆಸರು ಹುಡುಕಿ, ಅಲ್ಲಿಂದ ಕಣ್ಣನ್ನು ಮೇಲಕ್ಕೆ ಹಾಯಿಸಿ. ಇಂಡೆಂಟ್ ಕಡಿಮೆಯಾಗುವ ಒಂದೊಂದು ಸಾಲೂ ತಂದೆ ಫೀಲ್ಡ್. ಗ್ರೆಪ್ ಮಾಡಿದರೆ ಸಾಲು ಸಿಗುತ್ತದೆ, ಆದರೆ ಅದು ಯಾರ ಮಗು ಎಂಬುದು ತಪ್ಪಿಹೋಗುತ್ತದೆ. ಗ್ರೆಪ್ ಬೇಕೇ ಬೇಕೆಂದರೆ ದೊಡ್ಡಕ್ಷರದ -ಬಿ ಫ್ಲ್ಯಾಗ್‌ನಿಂದ ಮೇಲಿನ ಸಾಲುಗಳನ್ನೂ ತರಿಸಿಕೊಳ್ಳಿ.

ಈ ಮರ ಹತ್ತಿ ಇಳಿಯುವ ಅಭ್ಯಾಸ ಸೆಕ್ಯುರಿಟಿಕಾಂಟೆಕ್ಸ್ಟ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆ ಹೆಸರಿನ ಫೀಲ್ಡ್ ಎರಡು ಕಡೆ ಇದೆ. ಪಾಡ್.ಸ್ಪೆಕ್ ಕೆಳಗೆ ಒಂದು, ಕಂಟೈನರ್ಸ್ ಕೆಳಗೆ ಇನ್ನೊಂದು. ಹೆಸರು ಒಂದೇ, ಟೈಪ್ ಬೇರೆ. ವಾಲ್ಯೂಮಿನ ಫೈಲ್‌ಗಳು ಯಾವ ಗುಂಪಿನವು ಎಂದು ಹೇಳುವ ಎಫ್‌ಎಸ್‌ಗ್ರೂಪ್ ಪಾಡ್ ಮಟ್ಟದಲ್ಲಿ ಮಾತ್ರ ಇದೆ. ಕೇಪಬಿಲಿಟೀಸ್, ಪ್ರಿವಿಲೆಜ್ಡ್, ರೀಡ್‌ಓನ್ಲಿರೂಟ್‌ಫೈಲ್‌ಸಿಸ್ಟಮ್ ಕಂಟೈನರ್ ಮಟ್ಟದಲ್ಲಿ ಮಾತ್ರ. ರನ್‌ಆಸ್‌ಯೂಸರ್ ಎರಡೂ ಕಡೆ ಇದೆ, ಎರಡರಲ್ಲೂ ಬರೆದರೆ ಕಂಟೈನರಿನದೇ ನಡೆಯುತ್ತದೆ. ವಾಲ್ಯೂಮ್‌ಗೆ ಬರೆಯಲು ಅನುಮತಿ ಇಲ್ಲ ಎಂದು ಬಂದಾಗ ಎಫ್‌ಎಸ್‌ಗ್ರೂಪನ್ನು ಕಂಟೈನರ್ ಕೆಳಗೆ ತುರುಕಿ, ಅದು ನಡೆಯುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವವರು ಎರಡೂ ದಾರಿಗೆ ಒಂದೊಂದು ಎಕ್ಸ್‌ಪ್ಲೇನ್ ಹೊಡೆದರೆ ಸಾಕು.

ಇನ್ನು ಕ್ರಾನ್‌ಜಾಬ್. ದಿನಾ ಬೆಳಿಗ್ಗೆ 6ಕ್ಕೆ ನೆಲ್ಲಿನ ದರ ತಂದು ಡೇಟಾಬೇಸಿಗೆ ಹಾಕುವ ಕೆಲಸ ಎಂದುಕೊಳ್ಳಿ. ಕಂಟೈನರ್ ತಲುಪುವ ದಾರಿ ಇಷ್ಟುದ್ದ:

ಕ್ರಾನ್‌ಜಾಬ್.ಸ್ಪೆಕ್.ಜಾಬ್‌ಟೆಂಪ್ಲೇಟ್.ಸ್ಪೆಕ್.ಟೆಂಪ್ಲೇಟ್.ಸ್ಪೆಕ್.ಕಂಟೈನರ್ಸ್

ಮೂರು ಸ್ಪೆಕ್, ಎರಡು ಟೆಂಪ್ಲೇಟ್. ಇಂಡೆಂಟ್ ತಪ್ಪುವುದು ಸಹಜ. ಇಲ್ಲಿ ಒಂದು ಸೂಕ್ಷ್ಮ ಇದೆ. ನೇರವಾಗಿ ಕೊನೆಯ ಸ್ಪೆಕ್‌ಗೆ ಜಿಗಿದು ರೀಸ್ಟಾರ್ಟ್‌ಪಾಲಿಸಿ ಕೇಳಿದರೆ ಆಲ್ವೇಸ್, ನೆವರ್, ಆನ್‌ಫೇಲ್ಯೂರ್ ಮೂರನ್ನೂ ತೋರಿಸಿ, ಡಿಫಾಲ್ಟ್ ಆಲ್ವೇಸ್ ಎನ್ನುತ್ತದೆ. ಅದನ್ನು ನಂಬಿ ಫೀಲ್ಡನ್ನೇ ಬಿಟ್ಟರೆ ಸರ್ವರ್ ತಿರಸ್ಕರಿಸುತ್ತದೆ, ಯಾಕೆಂದರೆ ಜಾಬ್‌ಗೆ ಆಲ್ವೇಸ್ ನಡೆಯುವುದಿಲ್ಲ. ಎಕ್ಸ್‌ಪ್ಲೇನ್ ಸುಳ್ಳು ಹೇಳಿದ್ದಲ್ಲ. ಪಾಡ್‌ಸ್ಪೆಕ್ ಎಂಬುದು ಡಿಪ್ಲಾಯ್‌ಮೆಂಟ್, ಡೀಮನ್‌ಸೆಟ್, ಜಾಬ್ ಎಲ್ಲವೂ ಹಂಚಿಕೊಳ್ಳುವ ಒಂದೇ ಟೈಪ್, ಅದರ ವಿವರಣೆಯೂ ಒಂದೇ. ಜಾಬ್‌ಗೆ ಮಾತ್ರ ಸಂಬಂಧಿಸಿದ ಮಾತು ಒಂದು ಮೆಟ್ಟಿಲು ಮೇಲೆ, ಜಾಬ್.ಸ್ಪೆಕ್.ಟೆಂಪ್ಲೇಟ್ ವಿವರಣೆಯಲ್ಲಿ ಇದೆ: ನೆವರ್ ಅಥವಾ ಆನ್‌ಫೇಲ್ಯೂರ್ ಮಾತ್ರ ಎಂದು ಇತ್ತೀಚಿನ ಆವೃತ್ತಿಗಳಲ್ಲಿ ಬರೆದಿದ್ದಾರೆ. ಅದಕ್ಕೇ ಇಳಿಯುವಾಗ ಒಂದೊಂದು ಮೆಟ್ಟಿಲಲ್ಲೂ ಡಿಸ್ಕ್ರಿಪ್ಷನ್ ಓದಿಕೊಂಡೇ ಇಳಿಯಬೇಕು.

ಕ್ರಾನ್‌ಜಾಬ್.ಸ್ಪೆಕ್ ಮಟ್ಟದಲ್ಲಿ ಟೈಮ್‌ಝೋನ್ ಕೂಡ ಕಾಣುತ್ತದೆ. ಅದನ್ನು ಬಿಟ್ಟರೆ ಕ್ಯೂಬ್-ಕಂಟ್ರೋಲರ್-ಮ್ಯಾನೇಜರ್ ಓಡುತ್ತಿರುವ ಜಾಗದ ಸಮಯವೇ ಲೆಕ್ಕ ಎಂದು ವಿವರಣೆ ಹೇಳುತ್ತದೆ, ಕ್ಲೌಡ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಸಿ. ಆಗ 0 6 * * * ಎಂದು ಬರೆದ ಕೆಲಸ ನಮ್ಮ ಗಡಿಯಾರದಲ್ಲಿ 11.30ಕ್ಕೆ ಓಡುತ್ತದೆ, ಅಷ್ಟೊತ್ತಿಗೆ ದರ ತೊಗೊಂಡು ಯಾರಿಗೂ ಉಪಯೋಗವಿಲ್ಲ. ಒಂದೋ ಟೈಮ್‌ಝೋನ್‌ಗೆ ಏಷ್ಯಾ/ಕೋಲ್ಕತಾ ಹಾಕಿ, ಇಲ್ಲವೇ 30 0 * * * ಎಂದು ಬರೆಯಿರಿ. ಟೈಮ್‌ಝೋನ್ 1.27ರಲ್ಲಿ ಸ್ಥಿರವಾಯಿತು. ನಿಮ್ಮ ಕ್ಲಸ್ಟರಿನಲ್ಲಿ ಆ ಫೀಲ್ಡ್ ಇದೆಯೋ ಇಲ್ಲವೋ ಎಂಬುದಕ್ಕೆ ಎಕ್ಸ್‌ಪ್ಲೇನ್‌ಗಿಂತ ಬೇರೆ ಸಾಕ್ಷಿ ಬೇಡ.

ಎಕ್ಸ್‌ಪ್ಲೇನ್ ಕೈ ಎತ್ತುವ ಜಾಗಗಳೂ ಇವೆ. ಕಂಟೈನರ್ಸ್.ರಿಸೋರ್ಸಸ್.ಲಿಮಿಟ್ಸ್ ಕೇಳಿದರೆ <ಮ್ಯಾಪ್[ಸ್ಟ್ರಿಂಗ್]ಕ್ವಾಂಟಿಟಿ> ಎಂದಷ್ಟೇ ಬರುತ್ತದೆ. ಒಳಗೆ ಸಿಪಿಯು, ಮೆಮರಿ ಎಂಬ ಕೀ ಬರೆಯಬೇಕೆಂಬುದು ಅಲ್ಲಿಲ್ಲ, ಯಾಕೆಂದರೆ ಮ್ಯಾಪ್‌ನ ಕೀಗಳು ಸ್ಕೀಮಾದೊಳಗೆ ಇರುವುದಿಲ್ಲ. ಕ್ವಾಂಟಿಟಿಯ ಅಳತೆ ಅಕ್ಷರಗಳನ್ನು ನೀವೇ ತಿಳಿದಿರಬೇಕು. ಸಿಪಿಯುಗೆ 500 ಮುಂದೆ ಸಣ್ಣ ಎಂ ಎಂದರೆ ಅರ್ಧ ಕೋರ್. ಮೆಮರಿಗೆ ಅದೇ ಸಣ್ಣ ಎಂ ಹಾಕಿದರೆ ಅದು ಮೆಗಾಬೈಟ್ ಅಲ್ಲ, ಮಿಲಿ. 128ರ ಮುಂದೆ ಸಣ್ಣ ಎಂ ಎಂದರೆ 0.128 ಬೈಟ್! ದೊಡ್ಡ ಎಂ ಎಂದರೆ 10,00,000 ಬೈಟ್, ದೊಡ್ಡ ಎಂ ಜೊತೆ ಸಣ್ಣ ಐ ಎಂದರೆ 10,48,576. ನೆಲ್ಲಿನ ದರ ಕೇಳುವವರು 75 ಕೆಜಿ ಚೀಲಕ್ಕೋ ಕ್ವಿಂಟಲ್‌ಗೋ ಎಂದು ಮೊದಲು ಖಚಿತ ಮಾಡಿಕೊಳ್ಳುತ್ತಾರಲ್ಲ, ಇದೂ ಅಷ್ಟೇ.

ಒಂದೇ ರಿಸೋರ್ಸಿಗೆ ಎರಡು ಆವೃತ್ತಿ ಇದ್ದಾಗ ಎಕ್ಸ್‌ಪ್ಲೇನ್ ಒಂದನ್ನೇ ಆರಿಸಿಕೊಂಡು ತೋರಿಸುತ್ತದೆ, ಇನ್ನೊಂದು ಇದೆಯೆಂದು ಹೇಳುವುದಿಲ್ಲ. ಲೋಡ್ ನೋಡಿ ಪಾಡ್‌ಗಳ ಸಂಖ್ಯೆ ಏರಿಳಿಸುವ ಎಚ್‌ಪಿಎ ಇದಕ್ಕೆ ಒಳ್ಳೆಯ ಉದಾಹರಣೆ. ಆಟೋಸ್ಕೇಲಿಂಗ್/ವಿ1ರಲ್ಲಿ ಟಾರ್ಗೆಟ್‌ಸಿಪಿಯುಯುಟಿಲೈಝೇಷನ್‌ಪರ್ಸೆಂಟೇಜ್ ಎಂಬ ಒಂದೇ ಉದ್ದ ಹೆಸರಿನ ಫೀಲ್ಡ್. ವಿ2ರಲ್ಲಿ ಅದು ಹೋಗಿ ಮೆಟ್ರಿಕ್ಸ್ ಎಂಬ ಲಿಸ್ಟ್ ಬಂದಿದೆ. ಮೇಲೆ ವಿ1 ಎಂದು ಬರೆದು ಕೆಳಗೆ ಮೆಟ್ರಿಕ್ಸ್ ಹಾಕಿದರೆ ನಡೆಯುವುದಿಲ್ಲ. ಬೇಕಾದ ಆವೃತ್ತಿಯನ್ನೇ ಕೇಳಿ:

ಕ್ಯೂಬ್‌ಸಿಟಿಎಲ್ ಎಕ್ಸ್‌ಪ್ಲೇನ್ ಎಚ್‌ಪಿಎ.ಸ್ಪೆಕ್ --ಎಪಿಐ-ವರ್ಷನ್=ಆಟೋಸ್ಕೇಲಿಂಗ್/ವಿ2

ಹೆಸರಿನ ಗೊಂದಲಕ್ಕೂ ಇದೇ ಮದ್ದು. ಕೆನೇಟಿವ್ ಎಂಬ ಹೆಚ್ಚುವರಿ ತಂತ್ರಾಂಶ ಹಾಕಿದ ಕ್ಲಸ್ಟರಿನಲ್ಲಿ ಸರ್ವಿಸ್ ಎಂಬುದು ಎರಡು, ಕುಬರ್ನೆಟಿಸ್‌ನದೊಂದು, ಕೆನೇಟಿವ್‌ನದೊಂದು. ಬರೀ ಸರ್ವಿಸ್ ಎಂದು ಕೇಳಿ, ಪೋರ್ಟ್ಸ್ ನೋಡಿ, ಕೆನೇಟಿವ್ ಯಾಮಲ್ ಬರೆಯಲು ಹೋದರೆ ದಾರಿ ತಪ್ಪಿದಂತೆ.

ಸಿಆರ್‌ಡಿಗಳ (ಕ್ಲಸ್ಟರಿಗೆ ಹೊರಗಿನಿಂದ ಸೇರಿಸುವ ಹೊಸ ರಿಸೋರ್ಸ್ ಟೈಪ್‌ಗಳು) ಗುಣಮಟ್ಟ ಬರೆದವರ ಮೇಲೆ ಬಿಟ್ಟಿದ್ದು. ಸ್ಕೀಮಾದೊಳಗೆ ವಿವರಣೆ ಬರೆದಿದ್ದರೆ ಎಕ್ಸ್‌ಪ್ಲೇನ್ ಅದನ್ನೂ ತೋರಿಸುತ್ತದೆ, ಇಲ್ಲದಿದ್ದರೆ <ನೋ ಡಿಸ್ಕ್ರಿಪ್ಷನ್> ಎಂದು ಬಂದು ನಿಲ್ಲುತ್ತದೆ. ಗೊತ್ತಿಲ್ಲದ ಫೀಲ್ಡ್‌ಗಳನ್ನೂ ಹಾಗೇ ಉಳಿಸಿಕೋ ಎಂದು ಗುರುತು ಮಾಡಿದ ಭಾಗದೊಳಗೆ ಏನೂ ಕಾಣುವುದಿಲ್ಲ. ಸ್ವಂತ ಸಿಆರ್‌ಡಿ ಬರೆಯುವವರು ಫೀಲ್ಡಿಗೆ ಒಂದು ಸಾಲಾದರೂ ಬರೆದಿಡಿ. ರಾತ್ರಿ ಪಾಳಿಯಲ್ಲಿ ಅದನ್ನು ಓದುವವರು ನಿಮ್ಮ ಪಕ್ಕದ ಸೀಟಿನವರೇ ಆಗಿರುತ್ತಾರೆ.

ಕ್ಲಸ್ಟರ್ ಕೈಗೆ ಸಿಕ್ಕ ಮೇಲೆ ಬರುವ ಎರರ್‌ಗಳು ಹೆಚ್ಚಾಗಿ ಎರಡು ಜಾತಿ. ಫೀಲ್ಡ್ ಇಲ್ಲ ಎಂದು ಬಂದರೆ ಅಕ್ಷರದ ತಪ್ಪು, ಇಲ್ಲವೇ ತಪ್ಪು ಮೆಟ್ಟಿಲು. ಒಂದು ಚುಕ್ಕಿ ಹಿಂದಕ್ಕೆ ಬಂದು ಪಟ್ಟಿ ನೋಡಿ. ಸರ್ವರ್‌ನಲ್ಲಿ ಅಂಥ ರಿಸೋರ್ಸ್ ಟೈಪೇ ಇಲ್ಲ ಎಂದರೆ ಹೆಸರು ತಪ್ಪಿರಬೇಕು, ಇಲ್ಲವೇ ಸಿಆರ್‌ಡಿ ಈ ಕ್ಲಸ್ಟರಿನಲ್ಲಿ ಇರಲಿಕ್ಕಿಲ್ಲ. ಈಗಷ್ಟೇ ಹಾಕಿದ ಸಿಆರ್‌ಡಿ ಆಗಿದ್ದರೆ ಎಪಿಐ-ರಿಸೋರ್ಸಸ್ ಒಮ್ಮೆ ಓಡಿಸಿ, ಆಗಲೂ ಕಾಣದಿದ್ದರೆ ಹೋಮ್ ಡೈರೆಕ್ಟರಿಯ .ಕ್ಯೂಬ್/ಕ್ಯಾಶ್ ಅಳಿಸಿ ನೋಡಿ.

ಖಾಲಿ ಫೈಲಿನಿಂದ ಶುರುಮಾಡುವ ಹಟ ಬೇಡ. ಕ್ಯೂಬ್‌ಸಿಟಿಎಲ್ ಕ್ರಿಯೇಟ್ ಡಿಪ್ಲಾಯ್‌ಮೆಂಟ್ ಹಿಂದೆ --ಡ್ರೈ-ರನ್=ಕ್ಲೈಂಟ್ -ಒ ಯಾಮಲ್ ಹಾಕಿದರೆ ಅಸ್ಥಿಪಂಜರ ಸಿಗುತ್ತದೆ, ಮಾಂಸವನ್ನು ಎಕ್ಸ್‌ಪ್ಲೇನ್ ನೋಡಿ ತುಂಬಿ. ಬರೆದ ಮೇಲೆ ಅಪ್ಲೈ ಜೊತೆ --ಡ್ರೈ-ರನ್=ಸರ್ವರ್ ಓಡಿಸಿ. ಆಗ ಸರ್ವರ್ ನಿಜವಾಗಿ ಪರೀಕ್ಷೆ ಮಾಡುತ್ತದೆ, ಆದರೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ತಪ್ಪು ಜಾಗದಲ್ಲಿ ಕೂತ ಫೀಲ್ಡನ್ನು ಅನ್‌ನೋನ್ ಫೀಲ್ಡ್ ಎಂದು ಪೂರ್ತಿ ದಾರಿ ಸಮೇತ ತೋರಿಸುತ್ತದೆ. ಮೇಲೆ ಹೇಳಿದ ಕ್ರಾನ್‌ಜಾಬ್‌ನ ರೀಸ್ಟಾರ್ಟ್‌ಪಾಲಿಸಿ ತಪ್ಪೂ ಇಲ್ಲೇ ಸಿಕ್ಕಿಬೀಳುತ್ತದೆ. ಕ್ಲೈಂಟ್ ಡ್ರೈ-ರನ್ ಅಷ್ಟು ಆಳಕ್ಕೆ ಹೋಗುವುದಿಲ್ಲ.

ಅನುಮತಿ ಬಗ್ಗೆ ಒಂದು ಮಾತು. ಪ್ರೊಡಕ್ಷನ್‌ನಲ್ಲಿ ಪಾಡ್ ಪಟ್ಟಿ ನೋಡಲೂ ಪರ್ಮಿಷನ್ ಇಲ್ಲದವರು ಎಕ್ಸ್‌ಪ್ಲೇನ್ ಕೂಡ ನಡೆಯದೆಂದು ಕೈಬಿಡುತ್ತಾರೆ. ನಡೆಯುತ್ತದೆ. ಸಿಸ್ಟಮ್:ಡಿಸ್ಕವರಿ ಎಂಬ ಕ್ಲಸ್ಟರ್‌ರೋಲ್ ಲಾಗಿನ್ ಆದ ಎಲ್ಲರಿಗೂ ಡಿಫಾಲ್ಟ್ ಆಗಿಯೇ ಸಿಕ್ಕಿರುತ್ತದೆ, ಓಪನ್‌ಎಪಿಐ ಓದುವ ಹಕ್ಕು ಅದರಲ್ಲೇ ಇದೆ. ಅಡ್ಮಿನ್ ಅದನ್ನು ಬೇಕೆಂದೇ ಕಿತ್ತಿದ್ದರೆ ಮಾತ್ರ ಬೇರೆ. ಅದೇ ಹಕ್ಕಿನಿಂದ ಪೂರ್ತಿ ಸ್ಕೀಮಾವನ್ನೂ ಇಳಿಸಿಕೊಳ್ಳಬಹುದು:

ಕ್ಯೂಬ್‌ಸಿಟಿಎಲ್ ಗೆಟ್ --ರಾ /ಓಪನ್‌ಎಪಿಐ/ವಿ3/ಎಪಿಐಎಸ್/ಆಪ್ಸ್/ವಿ1 > ಆಪ್ಸ್.ಜೆಸನ್

ಕರೆಂಟ್ ಇರುವಾಗ ಆಪ್ಸ್, ಬ್ಯಾಚ್, ನೆಟ್‌ವರ್ಕಿಂಗ್ ಮೂರನ್ನೂ ಹೀಗೆ ಇಳಿಸಿಟ್ಟುಕೊಂಡರೆ ವಿಪಿಎನ್ ಬಿದ್ದ ಮೇಲೂ ಜೆಸನ್ ಸೋಸುವ ಜೆಕ್ಯೂ ಎಂಬ ಟೂಲ್ ಹಾಕಿ ಓದಬಹುದು. ಪಾಡ್, ಸರ್ವಿಸ್, ಕಾನ್ಫಿಗ್‌ಮ್ಯಾಪ್ ಇರುವ ಕೋರ್ ಗುಂಪಿನ ದಾರಿ ಮಾತ್ರ ಬೇರೆ, ಅದು /ಓಪನ್‌ಎಪಿಐ/ವಿ3/ಎಪಿಐ/ವಿ1.